ಕೋಠಿಯ ಗಲ್ಲಿಯಲ್ಲಿ ಹಳೇ ಕ್ಯಾಮರಾ ಸಾಮಾನು

ಹೈದರಾಬಾದಿಗೆ ಹೊಸದಾಗಿ ಬಂದ ಕನ್ನಡದವರಿಗೆ ಕೋಠಿ ಅಂದರೆ ಸಿಟಿ ಬಸ್ಸು, ಹಳೇ ಪುಸ್ತಕ, ಸುಲ್ತಾನ್ ಬಜಾರಿನ ಸೀರೆ ಅಂಗಡಿ, ಅಷ್ಟೇ. ನಿಜವಾಗಿ ಕೋಠಿ ಅಂದರೆ ಬಂಗಲೆ. ನಿಜಾಮರ ಆಸ್ಥಾನದಲ್ಲಿದ್ದ ಬ್ರಿಟಿಷ್ ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ 19ನೇ ಶತಮಾನದ ಮೊದಲ ವರ್ಷಗಳಲ್ಲಿ ಮೂಸಿ ನದಿಯ ದಡದ ಮೇಲೆ ಕಟ್ಟಿಸಿದ ಭವ್ಯ ಬಂಗಲೆ ಅದು. 1949ರಲ್ಲಿ ಹೆಣ್ಣುಮಕ್ಕಳ ಕಾಲೇಜು ಅಲ್ಲಿಗೆ ಬಂತು. ಸುತ್ತಲಿನ ಪೇಟೆಗೆ ರೆಸಿಡೆನ್ಸಿ ಬಜಾರ್ ಅಂತ ಹೆಸರು. ಅಲ್ಲಿ ರೆಸಿಡೆಂಟನದೇ ಆಡಳಿತ. ಹಾಗಾಗಿ ಮಾರ್ವಾಡಿ, ಗುಜರಾತಿ ಸಾಹುಕಾರರು ಅಲ್ಲೇ ಗದ್ದಿಗೆ ಹಾಕಿದರು. 1933ರಲ್ಲಿ ಪೇಟೆ ನಿಜಾಮರಿಗೆ ವಾಪಸ್ಸಾಗಿ ಸುಲ್ತಾನ್ ಬಜಾರ್ ಆಯಿತು. ಬ್ಯಾಂಕ್ ಸ್ಟ್ರೀಟ್, ಗುಜರಾತಿ ಗಲ್ಲಿ ಎಂಬ ಹೆಸರುಗಳಲ್ಲಿ ಆ ಹಳೇ ವ್ಯಾಪಾರದ ಗುರುತು ಉಳಿದಿದೆ.

ಗುಜರಾತಿ ಗಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಹೆಸರಾದದ್ದು. ನಮ್ಮ ಗುಲ್ಬರ್ಗಾ, ಬೀದರ, ರಾಯಚೂರಿನವರಿಗೆ 1956ರ ನವೆಂಬರ್ 1ರವರೆಗೂ ಹೈದರಾಬಾದೇ ರಾಜಧಾನಿ. ರಾಜ್ಯ ಬೇರೆಯಾದರೂ ಸಂತೆ ಬೇರೆಯಾಗಲಿಲ್ಲ ನೋಡಿ! ಊರಲ್ಲಿ ಸಿಗದ್ದು ಇಲ್ಲಿ ಸಿಗುತ್ತದೆ ಎಂಬ ನಂಬಿಕೆ ಇವತ್ತಿಗೂ ಇದೆ.

ಈಗ ಕ್ಯಾಮರಾ ವಿಷಯಕ್ಕೆ ಬರೋಣ. ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ತಂದದ್ದು 1976ರಲ್ಲಿ. ನಮ್ಮಲ್ಲಿ 1982ರಲ್ಲಿ ಕಲರ್ ಟಿವಿ ಬಂದ ಮೇಲೆ ವಿಡಿಯೋ ಹುಚ್ಚು ಹಬ್ಬಿತು. ಭುಜದ ಮೇಲೆ ಪ್ಯಾನಾಸೋನಿಕ್ಕಿನ ದೊಡ್ಡ ಕ್ಯಾಮರಾ, ಹಿಂದೆ ಲೈಟ್ ಹಿಡಿದ ಹುಡುಗ, ಮುಂದೆ ಬೆವರೊರೆಸಿಕೊಳ್ಳುತ್ತಿರುವ ವಧು-ವರರು... ತೊಂಬತ್ತರ ದಶಕದ ಮದುವೆಗೆ ಹೋದವರಿಗೆ ಇದು ಮರೆಯದು. 1985ರಲ್ಲಿ ಬಂದ ಎಂಟು ಮಿಲಿಮೀಟರ್ ಕ್ಯಾಸೆಟ್ಟಿನಿಂದ ಕ್ಯಾಮರಾ ಅಂಗೈಯಗಲಕ್ಕೆ ಇಳಿಯಿತು. ದುಬೈ, ಸಿಂಗಪುರದಿಂದ ಬರುವ ನೆಂಟರ ಕೈಯಲ್ಲೆಲ್ಲ ಅದೇ. 1995ರಲ್ಲಿ ಮಿನಿ ಡಿವಿ ಬಂತು, ಆಮೇಲೆ ಮೆಮೊರಿ ಕಾರ್ಡು, ಕೊನೆಗೆ ಮೊಬೈಲು. ವಿಎಚ್‌ಎಸ್ ಪ್ಲೇಯರ್ ಮಾಡುತ್ತಿದ್ದ ಫುನಾಯ್ ಕಂಪನಿಯೂ 2016ರ ಜುಲೈನಲ್ಲಿ ಕೈಬಿಟ್ಟಿತು.

ಕಂಪನಿ ನಿಲ್ಲಿಸಿದರೆ ಕ್ಯಾಮರಾ ಆ ದಿನವೇ ಸಾಯುವುದಿಲ್ಲ, ಒಂದೊಂದೇ ಅಂಗ ಹೋಗುತ್ತದೆ. ಮೊದಲು ಬ್ಯಾಟರಿ. ಆಮೇಲೆ ರಬ್ಬರು. ಟೇಪನ್ನು ಒತ್ತಿ ಹಿಡಿದು ಎಳೆಯುವ ಪಿಂಚ್ ರೋಲರ್ ಗಟ್ಟಿಯಾಗಿ ಜಾರುತ್ತದೆ, ಇಲ್ಲವೇ ಮಳೆಗಾಲದ ಬೆಲ್ಲದಂತೆ ಅಂಟಾಗುತ್ತದೆ. ಬೋರ್ಡಿನ ಮೇಲಿನ ಪುಟ್ಟ ಕೆಪಾಸಿಟರುಗಳು ಸೋರುತ್ತವೆ. ಕೊನೆಗೆ ನಿಮಿಷಕ್ಕೆ 1500 ಸುತ್ತು ತಿರುಗುವ ಹೆಡ್ ಡ್ರಮ್ ಸವೆಯುತ್ತದೆ. ಅದು ಓದುವ ಗೆರೆಯ ಅಗಲ ತಲೆಗೂದಲಿಗಿಂತ ಕಡಿಮೆ. ಇಂಥದ್ದನ್ನು ಲೇತ್ ಮೆಷಿನ್ನಿನಲ್ಲಿ ಮಾಡಿಸಲಾಗುವುದಿಲ್ಲ.

ನನ್ನ ಎಂಟು ಮಿಲಿಮೀಟರ್ ಕ್ಯಾಮರಾದ ರೋಲರ್ ಹೋದಾಗ ಸರ್ವಿಸ್ ಸೆಂಟರೊಂದರಲ್ಲಿ "ಹೊಸದು ತಗೊಳ್ಳಿ ಸಾರ್" ಅಂದರು. ಹೊಸದರಲ್ಲಿ ಹಳೇ ಕ್ಯಾಸೆಟ್ ಹೋಗುವುದಿಲ್ಲವಲ್ಲ! ಆ ಕ್ಯಾಸೆಟ್ಟಿನಲ್ಲಿ 1997ರ ನನ್ನ ಮಗಳ ನಾಮಕರಣ ಇದೆ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಪ್ಪ ಮಾತಾಡಿದ್ದಾರೆ. 2001ರಲ್ಲಿ ಅವರು ಹೋದರು. ಅವರ ದನಿ ಇರುವುದು ಅದೊಂದರಲ್ಲೇ.

ಕೋಠಿಯಲ್ಲಿ ನಾಲ್ಕು ಅಂಗಡಿ ತಿರುಗಿದೆ. "ಇಸ್ಕಾ ಮಾಲ್ ನೈ ಆರಾ ಸಾಬ್" ಅನ್ನುವುದೇ ಉತ್ತರ. ಐದನೆಯವರು ಬಿಸ್ಕತ್ ಡಬ್ಬಿ ತೆಗೆದರು. ಒಳಗೆ ಸತ್ತ ಕ್ಯಾಮರಾಗಳ ಚಕ್ರ, ಸ್ಪ್ರಿಂಗು, ರಿಬ್ಬನ್ನು. "ಪರ್ಸೋಂ ಆಓ" ಅಂದರು. ಹೈದರಾಬಾದಿನಲ್ಲಿ ಪರ್ಸೋಂ ಅಂದರೆ ನಾಡಿದ್ದೂ ಆಗಬಹುದು, ಮುಂದಿನ ತಿಂಗಳೂ ಆಗಬಹುದು! ಮೂರು ವಾರ ಹಿಡಿಯಿತು. ಯಾರದೋ ಲೆನ್ಸ್ ಒಡೆದ ಕ್ಯಾಮರಾದ ರೋಲರ್ ನಮ್ಮದಕ್ಕೆ ಬಂತು, ಮುನ್ನೂರು ರೂಪಾಯಿಗೆ. ಅಪ್ಪ ಮಾತಾಡಿದರು. ಮಗಳು ಅಜ್ಜನ ದನಿಯನ್ನು ತಿಳಿವಳಿಕೆ ಬಂದ ಮೇಲೆ ಕೇಳಿದ್ದು ಅದೇ ಮೊದಲು.

ನಮ್ಮ ಬ್ಯಾಂಕಿನ ಲೆಕ್ಕದಲ್ಲಿ ಸವಕಳಿ ಪೂರ್ತಿಯಾದ ವಸ್ತುವನ್ನು ಒಂದು ರೂಪಾಯಿ ಬೆಲೆಗೆ ಪುಸ್ತಕದಲ್ಲಿ ಇಟ್ಟಿರುತ್ತೇವೆ, ಅದು ಇದೆ ಎನ್ನುವ ಗುರುತಿಗೆ. ಆ ಬಿಸ್ಕತ್ ಡಬ್ಬಿಯಲ್ಲಿದ್ದದ್ದೆಲ್ಲ ಒಂದೊಂದು ರೂಪಾಯಿಯ ಆಸ್ತಿಯೇ. ಆದರೆ ಈ ಆಸ್ತಿ ಬೆಳೆಯುವುದಿಲ್ಲ. ಒಂದು ಕ್ಯಾಮರಾ ಬದುಕಲು ಇನ್ನೊಂದು ಸಾಯಬೇಕು, ಡಬ್ಬಿ ಖಾಲಿಯಾದ ದಿನ ಮುಗಿಯಿತು.

ಆದ್ದರಿಂದ ಅಟ್ಟದ ಮೇಲೆ ಹಳೇ ಕ್ಯಾಸೆಟ್ ಇಟ್ಟಿರುವವರಿಗೆ ಎರಡು ಮಾತು. 1999ರಲ್ಲಿ ಬಂದ ಡಿಜಿಟಲ್ 8 ಕ್ಯಾಮರಾಗಳಲ್ಲಿ ಕೆಲವು ಹಳೇ ಎಂಟು ಮಿಲಿಮೀಟರ್ ಕ್ಯಾಸೆಟ್ಟನ್ನೂ ಓದುತ್ತವೆ. ಪರಿಚಯದವರ ಮನೆಯಲ್ಲಿದ್ದರೆ ಕೇಳಿ ನೋಡಿ. ಕ್ಯಾಮರಾ ಯಾವುದೇ ಇರಲಿ, ರಿಪೇರಿಯಾದ ದಿನವೇ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ, ಎರಡು ಕಡೆ ಇಡಿ. ಕೆಟ್ಟ ಕ್ಯಾಮರಾವನ್ನು ಗುಜರಿಗೆ ಹಾಕಬೇಡಿ, ರಿಪೇರಿಯವರಿಗೆ ಕೊಡಿ. ಅದರ ರೋಲರಿನಲ್ಲಿ ಇನ್ನೊಬ್ಬರ ಅಪ್ಪ ಮಾತಾಡಿಯಾರು.