ಗೆರೆಯ ಆಚೆ ನಿಂತ ಹುಡುಗಿಯರು: ಚಿಯರ್‌ಲೀಡಿಂಗ್ ಹುಟ್ಟಿ ಬೆಳೆದ ಕಥೆ

2008ರ ಏಪ್ರಿಲ್ 18. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಕೋಲ್ಕತ್ತದ ಬ್ರೆಂಡನ್ ಮೆಕಲಮ್ ಒಬ್ಬರೇ 158 ರನ್ ಹೊಡೆದರು. ನಮ್ಮ ಆರ್‌ಸಿಬಿಯ ಇಡೀ ತಂಡ ಸೇರಿ ಹೊಡೆದದ್ದು 82. ಆ ವರ್ಷ ಆರ್‌ಸಿಬಿಯವರು ಅಮೆರಿಕದ ವಾಷಿಂಗ್ಟನ್ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳನ್ನು ಬೆಂಗಳೂರಿಗೆ ಕರೆಸಿದ್ದರು. ಆ ಸಂಜೆ ನಮ್ಮ ತಂಡಕ್ಕಾಗಿ ಯಾರಾದರೂ ಕುಣಿಯುವಂಥದ್ದು ಏನೂ ನಡೆಯಲಿಲ್ಲ ಎಂಬುದು ಬೇರೆ ಮಾತು.

ಚಿಯರ್‌ಲೀಡರ್ ಎಂಬ ಮಾತು ನಮ್ಮ ಹಳ್ಳಿಗಳ ಟಿವಿಗೆ ಬಂದದ್ದು ಹೆಚ್ಚುಕಡಿಮೆ ಆಗಲೇ. ಅಂದಿನಿಂದ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ: ಸಿಕ್ಸರ್ ಬಿದ್ದಾಗ ತುಂಡು ಬಟ್ಟೆಯಲ್ಲಿ ಕುಣಿಯುವ ಹುಡುಗಿ. ಮನೆಯಲ್ಲಿ ಹಿರಿಯರು ಕೂತಿದ್ದರೆ ರಿಮೋಟ್ ಹುಡುಕುವ ದೃಶ್ಯ.

ಇದು ಹುಟ್ಟಿದ ನಾಡಿನಲ್ಲಿ ಸಂಗತಿ ಬೇರೆ. ಅಮೆರಿಕದ ಸಣ್ಣ ಊರುಗಳಲ್ಲಿ ಹೈಸ್ಕೂಲಿನ ಹುಡುಗಿಗೆ ಈ ಸ್ಥಾನ ಸಿಕ್ಕರೆ ಮನೆಯವರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಇದೇ ಸ್ಥಾನದ ವಿಚಾರಕ್ಕೆ ಒಂದು ಊರಿನಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳು ತರಗತಿ ಬಿಟ್ಟು ಹೊರಬಂದರು, ಕೊನೆಗೆ ಆ ಊರಿನ ಆಡಳಿತವೇ ಕೈ ಬದಲಾಯಿತು. ಆ ಊರಿನ ಕಥೆ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇವೆ. ಅದಕ್ಕೆ ಮೊದಲು ಸ್ವಲ್ಪ ಹಿಂದಿನಿಂದ ಬರೋಣ.

ಚಿಯರ್‌ಲೀಡಿಂಗ್ ಶುರು ಮಾಡಿದವರು ಗಂಡಸರು. 1898ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಸಾಲಾಗಿ ಸೋಲುತ್ತಿತ್ತು. ಈ ಫುಟ್‌ಬಾಲ್ ನಮಗೆ ಗೊತ್ತಿರುವ ಕಾಲ್ಚೆಂಡಾಟ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವವನನ್ನು ಎದುರಾಳಿಗಳು ಹಿಡಿದು ಕೆಡವುವ ಆಟ. ಆ ನವೆಂಬರಿನಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಗ್ಯಾಲರಿಯ ಮುಂದೆ ನಿಂತು, ಜನರೆಲ್ಲ ಒಂದೇ ದನಿಯಲ್ಲಿ ಘೋಷಣೆ ಕೂಗುವಂತೆ ಮಾಡಿದ. ತಂಡ ಗೆದ್ದಿತು. ಚಿಯರ್‌ಲೀಡಿಂಗ್‌ನ ಹುಟ್ಟುಹಬ್ಬವನ್ನು ಇವತ್ತಿಗೂ ಆ ನವೆಂಬರಿನ ಲೆಕ್ಕದಲ್ಲೇ ಆಚರಿಸುತ್ತಾರೆ.

ಆಗ ಇದು ನಾಯಕತ್ವದ ಗುರುತು. ಸಾವಿರಾರು ಜನರನ್ನು ಒಂದು ಕೈಸನ್ನೆಗೆ ಕೂಗಿಸುವುದು ಸಣ್ಣ ಕೆಲಸವಲ್ಲ. ಫ್ರಾಂಕ್ಲಿನ್ ರೂಸ್‌ವೆಲ್ಟ್ ಹಾರ್ವರ್ಡ್‌ನಲ್ಲಿ ಚಿಯರ್‌ಲೀಡರ್ ಆಗಿದ್ದರು. ಐಸೆನ್‌ಹೋವರ್ ಸೇನಾ ಶಾಲೆಯಲ್ಲಿ ಮಂಡಿಗೆ ಪೆಟ್ಟಾಗಿ ಆಟ ಬಿಡಬೇಕಾದಾಗ ಚಿಯರ್‌ಲೀಡರ್ ಆದರು. ರೊನಾಲ್ಡ್ ರೇಗನ್, ಜಾರ್ಜ್ ಡಬ್ಲ್ಯೂ. ಬುಷ್ ಕೂಡ ಓದುವಾಗ ಇದನ್ನೇ ಮಾಡಿದವರು. ನಾಲ್ವರೂ ಮುಂದೆ ಅಮೆರಿಕದ ಅಧ್ಯಕ್ಷರಾದರು.

ಹುಡುಗಿಯರು ಇದರೊಳಗೆ ಬಂದದ್ದು 1920ರ ದಶಕದಲ್ಲಿ, ಅದೂ ಮಿನ್ನೆಸೋಟದಲ್ಲೇ. ಎರಡನೇ ಮಹಾಯುದ್ಧಕ್ಕೆ ಗಂಡುಹುಡುಗರೆಲ್ಲ ಹೋದಾಗ ಖಾಲಿಯಾದ ಜಾಗ ಹುಡುಗಿಯರದಾಯಿತು.  ಹುಡುಗಿಯರ ಕೈಗೆ ಬಂದ ಕೂಡಲೇ ಅದೇ ಕೆಲಸ ನಾಯಕತ್ವ ಹೋಗಿ ಅಲಂಕಾರ ಎನಿಸಿಕೊಂಡಿತು. ಇದು ನಮಗೆ ಹೊಸ ಕಥೆಯೇನಲ್ಲ, ಹೆಂಗಸರು ಮಾಡತೊಡಗಿದ ಎಷ್ಟೋ ಕೆಲಸಗಳಿಗೆ ನಮ್ಮಲ್ಲೂ ಹೀಗೇ ಬೆಲೆ ಇಳಿದಿದೆ.

1948ರಲ್ಲಿ ಟೆಕ್ಸಸ್ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ ಲಾರೆನ್ಸ್ ಹರ್ಕಿಮರ್ ಎಂಬುವರು ಚಿಯರ್‌ಲೀಡರ್‌ಗಳಿಗೆಂದು ಬೇಸಿಗೆ ಶಿಬಿರ ನಡೆಸಿದರು. ಬಂದವರು 52 ಹುಡುಗಿಯರು, ಒಬ್ಬನೇ ಹುಡುಗ. ಒಂದು ಕಾಲು ನೇರ ಚಾಚಿ ಇನ್ನೊಂದನ್ನು ಮಡಚಿ ಹಾರುವ ಜಿಗಿತಕ್ಕೆ ಇವತ್ತಿಗೂ ಅವರ ಹೆಸರೇ, 'ಹರ್ಕಿ'. ಕೈಯಲ್ಲಿ ಹಿಡಿದು ಕುಣಿಸುವ ಆ ಬಣ್ಣದ ಗೊಂಡೆಗಳಿಗೆ 1971ರಲ್ಲಿ ಪೇಟೆಂಟ್ ಪಡೆದವರೂ ಇವರೇ.

ಆ ಕಾಲದಲ್ಲಿ ಆಟವೆಂದರೆ ಪ್ರಾಣ ಬಿಡುವ ಒಬ್ಬ ಹುಡುಗಿ ಅಮೆರಿಕದ ಸಣ್ಣ ಊರಿನಲ್ಲಿ ಬೆಳೆಯುತ್ತಿದ್ದಳು ಎಂದುಕೊಳ್ಳಿ. ಅವಳ ಮುಂದೆ ಏನಿತ್ತು? 1971–72ರಲ್ಲಿ ದೇಶದ ಹೈಸ್ಕೂಲು ತಂಡಗಳಲ್ಲಿ ಆಡುತ್ತಿದ್ದ ಗಂಡುಹುಡುಗರು 36 ಲಕ್ಷಕ್ಕೂ ಹೆಚ್ಚು. ಹುಡುಗಿಯರು 3 ಲಕ್ಷಕ್ಕಿಂತ ಕಡಿಮೆ. ಎಷ್ಟೋ ಶಾಲೆಗಳಲ್ಲಿ ಹುಡುಗಿಯರ ತಂಡವೇ ಇರಲಿಲ್ಲ. ಮೈದಾನದ ಹತ್ತಿರ ಹೋಗಲು ಅವಳಿಗಿದ್ದ ದಾರಿ ಒಂದೇ, ಗೆರೆಯ ಆಚೆ ನಿಲ್ಲುವುದು.

ಅಲ್ಲಿ ನಿಲ್ಲಲಿಕ್ಕೂ ಆಟ ಗೊತ್ತಿರಬೇಕಿತ್ತು. ಚೆಂಡು ನಮ್ಮವರ ಕೈಯಲ್ಲಿದ್ದಾಗ ಕೂಗುವುದೇ ಬೇರೆ, ಎದುರಾಳಿಯ ಕೈಯಲ್ಲಿದ್ದಾಗ ಕೂಗುವುದೇ ಬೇರೆ. ನಮ್ಮವರು ರಕ್ಷಣೆಗೆ ನಿಂತಿದ್ದಾಗ 'ನುಗ್ಗು' ಎಂದು ಕೂಗಿಸಿದರೆ ಗ್ಯಾಲರಿಯೇ ನಗುತ್ತದೆ. ಹೀಗಾಗಿ ಪ್ರತಿ ಶುಕ್ರವಾರ ರಾತ್ರಿ ಹೊನಲು ಬೆಳಕಿನಲ್ಲಿ ನಡೆಯುವ ಪಂದ್ಯವನ್ನು ಇವರು ಎಸೆತ ಎಸೆತಕ್ಕೂ ಗಮನಿಸಬೇಕು, ಅದೂ ಬಹಳ ಹೊತ್ತು ಮೈದಾನಕ್ಕೆ ಬೆನ್ನು ಕೊಟ್ಟು ನಿಂತು. ಆಡಲು ಬಿಡದ ಆಟವನ್ನು ಆಡುವವರಷ್ಟೇ ತಿಳಿದುಕೊಂಡು ಬೆಳೆದ ಹೆಣ್ಣುಮಕ್ಕಳು ಅವರು.

ಈಗ ಆ ಊರಿಗೆ ಹೋಗೋಣ. ಹೆಸರು ಕ್ರಿಸ್ಟಲ್ ಸಿಟಿ. ಟೆಕ್ಸಸ್‌ನ ದಕ್ಷಿಣಕ್ಕೆ, ಮೆಕ್ಸಿಕೋ ಗಡಿಗೆ ಹತ್ತಿರ. ಹೆಸರಿನಲ್ಲಿ ಸಿಟಿ ಇದ್ದರೂ ಪಾಲಕ್ ಸೊಪ್ಪು ಬೆಳೆಯುವ ಊರು. ಪಾಲಕ್ ತಿಂದು ತೋಳು ಉಬ್ಬಿಸುವ ಕಾರ್ಟೂನಿನ ಪಾಪೈಗೆ 1937ರಲ್ಲೇ ಇಲ್ಲಿ ಪ್ರತಿಮೆ ನಿಲ್ಲಿಸಿದ್ದರು. ಹೊಲದಲ್ಲಿ ದುಡಿಯುವವರು ಮೆಕ್ಸಿಕನ್ ಮೂಲದವರು, ಊರಿನಲ್ಲಿ ಅವರದೇ ಬಹುಸಂಖ್ಯೆ. ಜಮೀನು, ಅಧಿಕಾರ, ಶಾಲೆಯ ಆಡಳಿತ ಹೆಚ್ಚಾಗಿ ಬಿಳಿಯರದು. ವರ್ಷದಲ್ಲಿ ಕೆಲವು ತಿಂಗಳು ಮೆಕ್ಸಿಕನ್ ಕುಟುಂಬಗಳು ಸಕ್ಕರೆ ಬೀಟ್‌ಗೆಡ್ಡೆಯ ಹೊಲಗಳ ಕೂಲಿಗೆಂದು ಉತ್ತರದ ರಾಜ್ಯಗಳಿಗೆ ಗುಳೆ ಹೋಗುತ್ತಿದ್ದವು. ಮಕ್ಕಳೂ ಜೊತೆಗೆ. ಶಾಲೆ ಅರ್ಧಕ್ಕೇ ನಿಲ್ಲುತ್ತಿತ್ತು. ಗುಳೆ ಹೋಗುವ ಊರುಗಳ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯಲ್ಲಿ ಮನೆಮಾತು ಸ್ಪ್ಯಾನಿಷ್ ಆಡಿದರೆ ಪೆಟ್ಟು ಬೀಳುತ್ತಿತ್ತು.

ಹೈಸ್ಕೂಲಿನಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳು ಮೆಕ್ಸಿಕನ್ ಮೂಲದವರು. ಆದರೆ ಚಿಯರ್‌ಲೀಡರ್‌ಗಳನ್ನು ಆರಿಸುವುದು ಶಿಕ್ಷಕರು, ಎಲ್ಲೂ ಬರೆದಿರದ ಒಂದು ಲೆಕ್ಕದಂತೆ: ನಾಲ್ವರಲ್ಲಿ ಮೂವರು ಬಿಳಿಯರು, ಒಬ್ಬಳು ಮೆಕ್ಸಿಕನ್. 1969ರಲ್ಲಿ ಜಾಗ ಖಾಲಿಯಾದಾಗ ಡಯಾನಾ ಪಲಾಸಿಯೋಸ್ ಎಂಬ ಹುಡುಗಿ ಆಯ್ಕೆಗೆ ನಿಂತಳು. ಮೆಕ್ಸಿಕನ್ ಪಾಲಿನ ಒಬ್ಬಳು ಆಗಲೇ ತಂಡದಲ್ಲಿದ್ದಳು. ಡಯಾನಾ ಆಯ್ಕೆಯಾಗಲಿಲ್ಲ.

ವಿದ್ಯಾರ್ಥಿಗಳು ಮನವಿ ಕೊಟ್ಟರು. ಶಾಲೆಯ ಮುಖ್ಯಾಧಿಕಾರಿ ಇಬ್ಬರಿಗೂ ಸಮಪಾಲು ಎಂದು ಒಪ್ಪಿದರೂ ಆಡಳಿತ ಮಂಡಳಿ ಅದನ್ನು ಹೊಡೆದುಹಾಕಿತು. ಸಾಲದೆಂಬಂತೆ ಆ ಶರತ್ಕಾಲದಲ್ಲಿ ಹಳೆ ವಿದ್ಯಾರ್ಥಿಗಳ ಸಂಘ ಫುಟ್‌ಬಾಲ್ ಹಬ್ಬದ 'ರಾಣಿ'ಯನ್ನು ಆರಿಸಲು ಒಂದು ನಿಯಮ ಇಟ್ಟಿತು: ಹುಡುಗಿಯ ತಂದೆ ಅಥವಾ ತಾಯಿ ಅದೇ ಹೈಸ್ಕೂಲು ಮುಗಿಸಿರಬೇಕು. ಗುಳೆ ಹೋಗುವ ಮನೆಗಳಲ್ಲಿ ಹೈಸ್ಕೂಲು ಮುಗಿಸಿದ ಅಪ್ಪ ಅಮ್ಮ ಎಲ್ಲಿಂದ ಬರಬೇಕು? ಜಾತಿ ಜನಾಂಗದ ಹೆಸರನ್ನೇ ಎತ್ತದೆ ಬಾಗಿಲು ಮುಚ್ಚುವ ಇಂಥ ನಿಯಮಗಳನ್ನು ವರದಿಗಾರಿಕೆಯಲ್ಲಿ ನಾವೂ ಸಾಕಷ್ಟು ಕಂಡಿದ್ದೇವೆ. ಸೆವೆರಿಟಾ ಲಾರಾ ಎಂಬ ವಿದ್ಯಾರ್ಥಿನಿ ಇದರ ವಿರುದ್ಧ ಕರಪತ್ರ ಹಂಚಿದಳು. ಶಾಲೆ ಅವಳನ್ನು ಅಮಾನತು ಮಾಡಿತು.

1969ರ ಡಿಸೆಂಬರ್ 9ರಂದು ಮಕ್ಕಳು ತರಗತಿಯಿಂದ ಎದ್ದು ಹೊರಬಂದರು. ಮೊದಲು ಹೈಸ್ಕೂಲಿನವರು, ಆಮೇಲೆ ಕೆಳಗಿನ ತರಗತಿಗಳವರು. ದಿನದಿಂದ ದಿನಕ್ಕೆ ಸಂಖ್ಯೆ ಏರಿ ಸಾವಿರ ದಾಟಿತು. ಅಷ್ಟರಲ್ಲಿ ಬೇಡಿಕೆಯ ಪಟ್ಟಿಯೂ ಬೆಳೆದಿತ್ತು. ಚಿಯರ್‌ಲೀಡರ್‌ಗಳನ್ನು ವಿದ್ಯಾರ್ಥಿಗಳೇ ಮತ ಹಾಕಿ ಆರಿಸಬೇಕು. ಎರಡೂ ಭಾಷೆಯಲ್ಲಿ ಪಾಠ ಬೇಕು. ನಮ್ಮ ಜನರ ಇತಿಹಾಸ ಪುಸ್ತಕದಲ್ಲಿರಬೇಕು. ನಮ್ಮವರೂ ಶಿಕ್ಷಕರಾಗಬೇಕು. ಅದೇ ಊರಿನಲ್ಲಿ ಹುಟ್ಟಿ ಬೆಳೆದ ಹೋಸೆ ಆಂಖೆಲ್ ಗುಟಿಯೆರೆಸ್ ಎಂಬ ಯುವ ಸಂಘಟಕ ಬೆನ್ನಿಗೆ ನಿಂತರು. ಲಾರಾ ಮತ್ತು ಇನ್ನಿಬ್ಬರು ವಿದ್ಯಾರ್ಥಿಗಳು ರಾಜಧಾನಿ ವಾಷಿಂಗ್ಟನ್‌ವರೆಗೂ ಹೋಗಿ ಸೆನೆಟರ್‌ಗಳನ್ನು ಕಂಡುಬಂದರು. ಕ್ರಿಸ್‌ಮಸ್ ರಜೆಯಲ್ಲಿ ಪಾಠ ತಪ್ಪಬಾರದೆಂದು ಹೊರಗಿನಿಂದ ಶಿಕ್ಷಕರು ಬಂದು ಉಚಿತವಾಗಿ ಕಲಿಸಿದರು.

1970ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಸಂಧಾನಕಾರರು ಮಧ್ಯೆ ಬಂದರು. ಆಡಳಿತ ಮಂಡಳಿ ಬಹುಪಾಲು ಬೇಡಿಕೆಗಳಿಗೆ ಒಪ್ಪಿತು. ಅದೇ ತಿಂಗಳು 'ಲಾ ರಾಸಾ ಉನಿದಾ' ಎಂಬ ಪಕ್ಷ ಹುಟ್ಟಿತು, ಏಪ್ರಿಲ್ ಚುನಾವಣೆಯಲ್ಲಿ ಶಾಲಾ ಮಂಡಳಿ ಮತ್ತು ಪುರಸಭೆಯ ಸ್ಥಾನಗಳನ್ನು ಗೆದ್ದಿತು. ಮಕ್ಕಳ ಮನವಿಯನ್ನು ತಳ್ಳಿಹಾಕಿದ್ದ ಮಂಡಳಿಗೆ ಗುಟಿಯೆರೆಸ್ ಅಧ್ಯಕ್ಷರಾದರು. ಕರಪತ್ರ ಹಂಚಿದ ಸೆವೆರಿಟಾ ಲಾರಾ ಮುಂದೆ ಅದೇ ಊರಿನ ಮೇಯರ್ ಆದರು.

ಕುಣಿಯುವ ಹುಡುಗಿಯರ ಜಾಗಕ್ಕೆ ಇಷ್ಟೆಲ್ಲ ಬೇಕಿತ್ತೇ ಎಂದು ಯಾರಾದರೂ ಕೇಳಬಹುದು. ಹೊಲದ ಕೂಲಿ, ಶಾಲೆಯ ಪೆಟ್ಟು ದೊಡ್ಡ ನೋವುಗಳೇ. ಆದರೆ ಅವು ಒಂದೊಂದು ಮನೆಯೊಳಗೆ ಮುಗಿದುಹೋಗುತ್ತವೆ. ಇದು ವಾರವಾರವೂ ದೀಪದ ಬೆಳಕಿನಲ್ಲಿ ಇಡೀ ಊರಿನ ಕಣ್ಣೆದುರು ನಡೆಯುತ್ತಿತ್ತು: ಮೂವರು ಅವರು, ಒಬ್ಬಳು ನಾವು. ಅದನ್ನು ಎಣಿಸಲು ಯಾರಿಗೂ ಓದು ಬೇಕಿರಲಿಲ್ಲ. 1969ರ ಮೇ ತಿಂಗಳಲ್ಲಿ ಉತ್ತರ ಕೆರೊಲಿನಾದ ಬರ್ಲಿಂಗ್ಟನ್‌ನಲ್ಲಿ ಕಪ್ಪು ಹುಡುಗಿಯರನ್ನು ಚಿಯರ್‌ಲೀಡರ್ ಮಾಡಲಿಲ್ಲವೆಂದು ಶುರುವಾದ ಪ್ರತಿಭಟನೆ ಗಲಭೆಗೆ ತಿರುಗಿ, 15 ವರ್ಷದ ಕಪ್ಪು ಹುಡುಗನೊಬ್ಬ ಗುಂಡಿಗೆ ಬಲಿಯಾದ.

ನಾವು ಐಪಿಎಲ್‌ನಲ್ಲಿ ನೋಡುವ ಬಗೆ ಬಂದದ್ದು ಇನ್ನೊಂದು ಕವಲಿನಿಂದ. 1972ರಲ್ಲಿ ಡಲ್ಲಾಸ್ ಕೌಬಾಯ್ಸ್ ಎಂಬ ವೃತ್ತಿಪರ ಫುಟ್‌ಬಾಲ್ ತಂಡ ನೃತ್ಯ ಬಲ್ಲ ಯುವತಿಯರನ್ನು ಸಣ್ಣ ಉಡುಗೆಯಲ್ಲಿ ಗೆರೆಯ ಬದಿ ನಿಲ್ಲಿಸಿತು. ಟಿವಿ ಕ್ಯಾಮೆರಾ ಅವರತ್ತ ತಿರುಗಿತು, ಉಳಿದ ತಂಡಗಳೂ ಹಿಂಬಾಲಿಸಿದವು. ಆಗ ಡಲ್ಲಾಸ್‌ನಲ್ಲಿ ಒಂದು ಪಂದ್ಯಕ್ಕೆ ಅವರಿಗೆ ಸಿಗುತ್ತಿದ್ದದ್ದು 15 ಡಾಲರ್. 2014ರಲ್ಲಿ ಓಕ್‌ಲ್ಯಾಂಡ್ ರೈಡರ್ಸ್ ತಂಡದ ಚಿಯರ್‌ಲೀಡರ್‌ಗಳು ತಮಗೆ ಕನಿಷ್ಠ ಕೂಲಿಯೂ ಸಿಗುತ್ತಿಲ್ಲವೆಂದು ಕೋರ್ಟಿಗೆ ಹೋದರು. 12.5 ಲಕ್ಷ ಡಾಲರಿಗೆ ರಾಜಿಯಾಯಿತು. ಮರುವರ್ಷ ಕ್ಯಾಲಿಫೋರ್ನಿಯಾ ಅವರನ್ನು ನೌಕರರೆಂದೇ ಎಣಿಸಬೇಕೆಂದು ಕಾನೂನು ಮಾಡಿತು.

ಶಾಲೆ ಕಾಲೇಜುಗಳಲ್ಲಿ ಮಾತ್ರ ಚಿಯರ್‌ಲೀಡಿಂಗ್ ದಿನೇದಿನೇ ಕಸರತ್ತಿನ ಕಡೆಗೆ ಹೋಯಿತು. ಮಲ್ಲಕಂಬ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ, ಇಲ್ಲಿ ಕಂಬದ ಜಾಗದಲ್ಲಿ ಮನುಷ್ಯರೇ ಇರುತ್ತಾರೆ ಅಷ್ಟೆ. ಕೆಳಗೆ ಇಬ್ಬರು ಗಟ್ಟಿಯಾಗಿ ನಿಲ್ಲುತ್ತಾರೆ, ಹಿಂದೆ ಒಬ್ಬಳು ಕಾಯುತ್ತಾಳೆ, ಹಗುರ ಮೈಯವಳನ್ನು ಮೇಲಕ್ಕೆ ಎಸೆಯುತ್ತಾರೆ. ಅವಳು ಗಾಳಿಯಲ್ಲಿ ಪಲ್ಟಿ ಹೊಡೆದು ಅವರ ಕೈಗೇ ಬೀಳಬೇಕು. ಐದಾರು ವರ್ಷಕ್ಕೇ ಕಲಿಯಲು ಶುರು ಮಾಡುವ ಮಕ್ಕಳಿದ್ದಾರೆ. ಮೇಲೆ ಹೋಗುವವಳ ಫೋಟೊ ಪೇಪರಿನಲ್ಲಿ ಬರುತ್ತದೆ, ಹಿಡಿಯುವವರ ಮಣಿಕಟ್ಟು ಊದಿಕೊಳ್ಳುತ್ತದೆ.

2006ರ ಮಾರ್ಚ್‌ನಲ್ಲಿ ಸೇಂಟ್ ಲೂಯಿಸ್‌ನ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದರಲ್ಲಿ 18 ವರ್ಷದ ಕಾಲೇಜು ಹುಡುಗಿ ಇಂಥ ಗೋಪುರದ ಮೇಲಿನಿಂದ, ಸುಮಾರು 15 ಅಡಿಯಿಂದ ಬಿದ್ದಳು. ಕುತ್ತಿಗೆಯ ಮೂಳೆ ಮುರಿದಿತ್ತು. ಸ್ಟ್ರೆಚರಿಗೆ ಕಟ್ಟಿ ಹೊರಗೆ ಸಾಗಿಸುವಾಗ ಬ್ಯಾಂಡಿನವರು ಕಾಲೇಜಿನ ಹಾಡು ನುಡಿಸಿದರು. ಅವಳು ಮಲಗಿದ್ದಲ್ಲಿಂದಲೇ ಕೈಯೆತ್ತಿ ಅದರ ಅಭಿನಯ ಮಾಡಿದಳು. ದೇಶವೆಲ್ಲ ಆ ವಿಡಿಯೊ ನೋಡಿ ಧೈರ್ಯ ಮೆಚ್ಚಿತು. ನಮಗೆ ಮೆಚ್ಚುಗೆಗಿಂತ ಹೆಚ್ಚಾಗಿ ಗಾಬರಿಯಾಗುತ್ತದೆ. ಹೈಸ್ಕೂಲು ಕಾಲೇಜಿನ ಕ್ರೀಡೆಗಳಲ್ಲಿ ಹುಡುಗಿಯರಿಗಾದ ತೀರಾ ಗಂಭೀರ ಪೆಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚಿಯರ್‌ಲೀಡಿಂಗ್‌ನಿಂದಲೇ ಆಗಿವೆ ಎಂದು ಅಲ್ಲಿನ ಸಂಶೋಧನಾ ಕೇಂದ್ರ ಲೆಕ್ಕ ಕೊಟ್ಟಿತು. 2012ರಲ್ಲಿ ಮಕ್ಕಳ ವೈದ್ಯರ ರಾಷ್ಟ್ರೀಯ ಸಂಘ, ಇದನ್ನು ಕ್ರೀಡೆಯೆಂದು ಒಪ್ಪಿಕೊಳ್ಳಿ ಎಂದು ಕೇಳಿತು. ಕ್ರೀಡೆ ಎಂದಾದರೆ ತರಬೇತಾದ ಕೋಚ್, ಸರಿಯಾದ ಜಾಗ, ವೈದ್ಯಕೀಯ ತಪಾಸಣೆ ಎಲ್ಲದಕ್ಕೂ ಶಾಲೆ ಹೊಣೆ.

ಕೋರ್ಟು ಬೇರೆ ಹೇಳಿತು. ಅಲ್ಲಿ 1972ರಿಂದ ಶಿಕ್ಷಣ ಸಂಸ್ಥೆಗಳು ಕ್ರೀಡೆಯಲ್ಲಿ ಹುಡುಗಿಯರಿಗೂ ಸಮಾನ ಅವಕಾಶ ಕೊಡಬೇಕೆಂಬ ಕಾನೂನಿದೆ. ಹೈಸ್ಕೂಲು ತಂಡಗಳ ಹುಡುಗಿಯರ ಸಂಖ್ಯೆ ಈಗ 30 ಲಕ್ಷ ದಾಟಿರುವುದು ಅದರಿಂದಲೇ. 2009ರಲ್ಲಿ ಕ್ವಿನಿಪಿಯಾಕ್ ಎಂಬ ವಿಶ್ವವಿದ್ಯಾಲಯ ಖರ್ಚು ಉಳಿಸಲು ಹುಡುಗಿಯರ ವಾಲಿಬಾಲ್ ತಂಡ ಮುಚ್ಚಿ, ಚಿಯರ್ ತಂಡವನ್ನೇ ಕ್ರೀಡೆಯ ಲೆಕ್ಕಕ್ಕೆ ಸೇರಿಸಲು ಹೊರಟಿತು. ವಾಲಿಬಾಲ್ ಹುಡುಗಿಯರು ಮತ್ತು ಅವರ ಕೋಚ್ ದಾವೆ ಹೂಡಿದರು. 2010ರಲ್ಲಿ ನ್ಯಾಯಾಧೀಶರು ವಾಲಿಬಾಲ್ ಪರ ನಿಂತರು. ಚಿಯರ್ ಸ್ಪರ್ಧೆಗಳಿಗೆ ಇನ್ನೂ ಒಂದೇ ನಿಯಮ, ಒಂದೇ ವ್ಯವಸ್ಥೆ ಇಲ್ಲ, ಸದ್ಯಕ್ಕೆ ಅದನ್ನು ಕ್ರೀಡೆಯೆಂದು ಎಣಿಸಲಾಗದು ಎಂದರು. 2012ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ತೀರ್ಪು ಕಾನೂನಿನ ಪ್ರಕಾರ ಸರಿಯೆಂದೇ ನಮ್ಮ ಅನಿಸಿಕೆ, ಒಂದು ತಂಡದ ಹುಡುಗಿಯರ ಬಾಯಿಂದ ಕಿತ್ತು ಇನ್ನೊಂದು ತಂಡಕ್ಕೆ ಬಡಿಸುವುದು ಸಮಾನತೆಯಾಗದು. ಆದರೂ ಆ ಚಿಯರ್ ತಂಡದವರು ಕೋರ್ಟಿನ ಮಾತು ಕೇಳಿ ಏನಂದುಕೊಂಡಿರಬಹುದು ಎಂಬ ಯೋಚನೆ ಬಿಡುವುದಿಲ್ಲ.

2021ರ ಜುಲೈನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಚಿಯರ್‌ಲೀಡಿಂಗ್‌ನ ವಿಶ್ವ ಸಂಸ್ಥೆಗೆ ಪೂರ್ಣ ಮಾನ್ಯತೆ ಕೊಟ್ಟಿತು. ಪದಕದ ಪಟ್ಟಿಗೆ ಸೇರಿಸಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಇದೇ ಬೇರಿನ ಒಂದು ಕಸರತ್ತಿನ ಸ್ಪರ್ಧೆಯನ್ನು, 'ಅಕ್ರೋಬ್ಯಾಟಿಕ್ಸ್ ಆಂಡ್ ಟಂಬ್ಲಿಂಗ್' ಎಂಬ ಹೆಸರಿನಲ್ಲಿ, ಹುಡುಗಿಯರ ಬೆಳೆಯುತ್ತಿರುವ ಕ್ರೀಡೆಗಳ ಪಟ್ಟಿಗೆ ಸೇರಿಸಿತ್ತು. ಅದೇ ಎತ್ತುವುದು, ಎಸೆಯುವುದು, ಹಿಡಿಯುವುದು. ಇಲ್ಲಿ ಗೊಂಡೆ ಇಲ್ಲ, ಪಕ್ಕದಲ್ಲಿ ಫುಟ್‌ಬಾಲ್ ಪಂದ್ಯವೂ ಇಲ್ಲ. ಎರಡು ತಂಡದ ಹುಡುಗಿಯರು ಒಬ್ಬರ ನಂತರ ಒಬ್ಬರು ಬಂದು ಮಾಡಿ ತೋರಿಸುತ್ತಾರೆ, ತೀರ್ಪುಗಾರರು ಅಂಕ ಬರೆದುಕೊಳ್ಳುತ್ತಾರೆ.