ಎತ್ತರಿಸಿದ ಟ್ರಕ್ಕಿನ ಹಿಂಬದಿಯ ಕಮಾನು: ಭಾರವಾಹಕ ಚರಿತ್ರೆಯ ಒಂದು ಅಧ್ಯಾಯ

ಸಾರಿಗೆಯ ಚರಿತ್ರೆಯಲ್ಲಿ ಚಕ್ರಕ್ಕೆ ಸಂದಿರುವ ಗೌರವವು, ಚಕ್ರಕ್ಕೂ ಗಾಡಿಯ ಒಡಲಿಗೂ ನಡುವೆ ನಿಂತು ಭಾರವನ್ನು ಹೊರುವ ಕಮಾನು ಪಟ್ಟಿಗೆ ಸಂದಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಪಿಕಪ್ ಟ್ರಕ್ಕನ್ನು ಅದರ ಸಹಜವಾದ ಎತ್ತರಕ್ಕಿಂತ ಮೇಲಕ್ಕೆತ್ತಿ, ದೊಡ್ಡ ಟೈರುಗಳನ್ನು ತೊಡಿಸಿ, ಅದೇ ಟ್ರಕ್ಕಿನಿಂದ ಟ್ರೇಲರನ್ನೂ ಎಳೆಯಿಸುವ ರೂಢಿಯುಂಟು. ಹೀಗೆ ಎತ್ತರಿಸಿದ ವಾಹನವು ಎಳೆಯುವ ಯೋಗ್ಯತೆಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಮೇಲುನೋಟಕ್ಕೆ ಕಾರ್ಖಾನೆಯ ಪ್ರಶ್ನೆ. ಆದರೆ ಅದಕ್ಕೆ ಉತ್ತರವು ಚರಿತ್ರೆಯಲ್ಲಿದೆ ಎಂಬುದನ್ನು ಈ ಲೇಖನದಲ್ಲಿ ನಿರೂಪಿಸಲು ನಾವು ಯತ್ನಿಸುತ್ತೇವೆ.

ಲಂಡನ್ನಿನ ಒಬಾಡಿಯ ಎಲಿಯಟ್ ಎಂಬ ಸಾರೋಟು ನಿರ್ಮಾಪಕನು 1804ರಲ್ಲಿ ಅಂಡಾಕಾರದ ಕಮಾನು ಪಟ್ಟಿಗಳಿಗೆ ಹಕ್ಕುಪತ್ರ ಪಡೆದನು. ಅದುವರೆಗೆ ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಜೋಡಿಸುತ್ತಿದ್ದ ಭಾರವಾದ ತೊಲೆಯು ಇದರಿಂದ ಅನವಶ್ಯಕವಾಯಿತು. ಕಮಾನು ಕುಲುಕಾಟವನ್ನು ತಗ್ಗಿಸುವುದರ ಜೊತೆಗೆ ಅಚ್ಚನ್ನು ತನ್ನ ಸ್ಥಾನದಲ್ಲಿ ಹಿಡಿದಿಡುವ ಕೆಲಸವನ್ನೂ ವಹಿಸಿಕೊಂಡಿತೆಂಬುದೇ ಇಲ್ಲಿ ಗಮನಾರ್ಹವಾದ ಸಂಗತಿ.

ಮೋಟಾರು ಯುಗದಲ್ಲಿ ಈ ಕರ್ತವ್ಯಗಳು ಒಮ್ಮೆ ಬೇರ್ಪಟ್ಟು ಮತ್ತೆ ಕೂಡಿಕೊಂಡವು. 1908ರಲ್ಲಿ ಹೊರಬಂದ ಫೋರ್ಡ್ ಕಂಪೆನಿಯ ಮಾಡೆಲ್ ಟಿ ವಾಹನದಲ್ಲಿ ಕಮಾನು ಅಡ್ಡಲಾಗಿತ್ತು; ಚಾಲಕ ಶಕ್ತಿಯ ನೂಕನ್ನು ಬೇರೊಂದು ಕೊಳವೆಯೂ ಸರಳುಗಳೂ ಹೊರುತ್ತಿದ್ದವು. ಆದರೆ ಹಾಚ್‌ಕಿಸ್ ಪದ್ಧತಿಯೆಂದು ಹೆಸರಾದ ವಿಧಾನದಲ್ಲಿ ಕಮಾನುಗಳು ಚಾಸಿಯ ಉದ್ದಕ್ಕೆ ನಿಂತವು. ಭಾರವನ್ನು ಹೊರುವುದು, ಅಚ್ಚನ್ನು ನೆಟ್ಟಗೆ ಹಿಡಿಯುವುದು, ಚಕ್ರ ತಿರುಗುವಾಗಲೂ ಬ್ರೇಕು ಹಿಡಿಯುವಾಗಲೂ ಅಚ್ಚಿನ ಮೇಲೆ ಬೀಳುವ ತಿರುಚನ್ನು ತಡೆಯುವುದು, ಈ ಮೂರು ಕೆಲಸಗಳೂ ಒಂದೇ ಉಕ್ಕಿನ ಪಟ್ಟಿಗಳ ಕಟ್ಟಿಗೆ ಬಂದವು. ಟ್ರಕ್ಕುಗಳಲ್ಲಿ ಈ ಪದ್ಧತಿಯೇ ಬಹುಮಟ್ಟಿಗೆ ನೆಲೆನಿಂತಿತು.

ಟ್ರಕ್ಕಿನಲ್ಲಿ ಕಮಾನು ಪಟ್ಟಿ ಉಳಿದದ್ದು ನಿರ್ಮಾಪಕರ ಜಡತೆಯಿಂದ ಎಂದು ಹೇಳುವುದುಂಟು. ಅಗ್ಗದ ಬೆಲೆಯೂ ಒಂದು ಕಾರಣವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಜಡತೆಯ ವಾದಕ್ಕೆ ಘಟನಾವಳಿಯು ಒಪ್ಪುವುದಿಲ್ಲ. 1960ರಲ್ಲಿ ಷೆವ್ರೊಲೆ ಕಂಪೆನಿಯು ತನ್ನ ಅರ್ಧ ಟನ್ನಿನ ಸಿ-10 ಟ್ರಕ್ಕಿನ ಹಿಂಬದಿಗೆ ಸುರುಳಿ ಸ್ಪ್ರಿಂಗುಗಳನ್ನು ಅಳವಡಿಸಿ, ಅಚ್ಚನ್ನು ಹಿಡಿಯುವ ಕೆಲಸವನ್ನು ಉದ್ದನೆಯ ತೋಳುಗಳಿಗೆ ಒಪ್ಪಿಸಿತು. ಸವಾರಿ ಮೃದುವಾಯಿತು. ಆದರೂ ಅದೇ ಕಂಪೆನಿಯು ತನ್ನ ನಾಲ್ಕು ಚಕ್ರ ಚಾಲನೆಯ ಕೆ ಶ್ರೇಣಿಯಲ್ಲಿ ಕಮಾನು ಪಟ್ಟಿಗಳನ್ನೇ ಉಳಿಸಿಕೊಂಡಿತು. 1973ರ ಮಾದರಿಯಲ್ಲಿ ಸಿ-10 ಸಹ ಹಿಂಬದಿಯ ಕಮಾನಿಗೆ ಮರಳಿತು. ಮುಂದೆ 2009ರ ಮಾದರಿಯ ರ‍್ಯಾಮ್ 1500 ಟ್ರಕ್ಕಿಗೂ 2014ರ ರ‍್ಯಾಮ್ 2500ಕ್ಕೂ ಹಿಂಬದಿಯ ಸುರುಳಿ ಸ್ಪ್ರಿಂಗುಗಳು ಬಂದವು. ಇವುಗಳಿಗಿಂತ ಹೆಚ್ಚು ಭಾರದ 3500ರಲ್ಲಿ ಮಾತ್ರ ಕಮಾನು ಪಟ್ಟಿ ಉಳಿಯಿತು. ನಿರ್ಮಾಪಕರು ಸುರುಳಿಯನ್ನು ಅರಿಯದವರಲ್ಲ; ಭಾರ ಹೆಚ್ಚಿದಂತೆ ಕಮಾನನ್ನು ಬಿಡಲು ಹಿಂಜರಿದರೆಂಬುದೇ ಇದರ ತಾತ್ಪರ್ಯ.

ಇನ್ನು ಎತ್ತರಿಸುವ ರೂಢಿಯ ವಿಷಯ. ಇಂಡಿಯಾನಾಪೊಲಿಸ್‌ನ ಮಾರ್ಮನ್-ಹೆರಿಂಗ್ಟನ್ ಸಂಸ್ಥೆಯು 1935ರಿಂದ ಫೋರ್ಡ್ ಟ್ರಕ್ಕುಗಳನ್ನೂ, ಮಿನಿಯಾಪೊಲಿಸ್‌ನ ನ್ಯಾಪ್ಕೋ ಸಂಸ್ಥೆಯು 1950ರ ದಶಕದಲ್ಲಿ ಷೆವ್ರೊಲೆ ಟ್ರಕ್ಕುಗಳನ್ನೂ ನಾಲ್ಕು ಚಕ್ರ ಚಾಲನೆಗೆ ಪರಿವರ್ತಿಸುತ್ತಿದ್ದವು. ಮುಂದಿನ ಅಚ್ಚಿಗೂ ಚಾಲನೆ ಕೊಟ್ಟಾಗ ಅದರ ಮೇಲೆ ತೆರಪು ಬೇಕಾಗುವುದರಿಂದ ಇಲ್ಲಿ ಎತ್ತರವು ಅವಶ್ಯಕತೆಯ ಫಲವಾಗಿತ್ತು. 1970ರ ದಶಕದಲ್ಲಿ ಎತ್ತರವೇ ಗುರಿಯಾಗತೊಡಗಿತು. ಸೇಂಟ್ ಲೂಯಿಸ್ ಪ್ರಾಂತದ ಬಾಬ್ ಚಾಂಡ್ಲರ್ ಎಂಬವರು 1974ರ ಫೋರ್ಡ್ ಎಫ್-250 ಟ್ರಕ್ಕನ್ನು ಮತ್ತೆ ಮತ್ತೆ ಮಾರ್ಪಡಿಸಿ, 1981ರಲ್ಲಿ ಅದನ್ನು ಹಳೆಯ ಕಾರುಗಳ ಮೇಲೆ ಹಾಯಿಸಿದರು. ‘ಬಿಗ್‌ಫುಟ್’ ಎಂಬ ಆ ವಾಹನ ಲೋಕಪ್ರಸಿದ್ಧವಾಯಿತು. ಅದು ಪ್ರದರ್ಶನದ ವಾಹನ. ದುಡಿಯುವ ಟ್ರಕ್ಕಿನ ಪಾಡು ಬೇರೆ.

ಹಿಂಬದಿಯನ್ನು ಎತ್ತರಿಸುವ ಮಾರ್ಗಗಳು ಮುಖ್ಯವಾಗಿ ಮೂರು. ಮೊದಲನೆಯದು, ಅಚ್ಚಿಗೂ ಕಮಾನಿಗೂ ನಡುವೆ ಲೋಹದ ದಿಮ್ಮಿಯನ್ನಿಟ್ಟು ಉದ್ದನೆಯ ಯು-ಬೋಲ್ಟುಗಳಿಂದ ಬಿಗಿಯುವುದು. ಇದು ಅಗ್ಗ, ಸುಲಭ. ಆದರೆ ಅಚ್ಚು ಕಮಾನಿನಿಂದ ದೂರ ಸರಿದಷ್ಟೂ, ನೆಲವನ್ನು ಒದೆಯುವ ಚಕ್ರದ ಬಲಕ್ಕೆ ಸನ್ನೆಕೋಲಿನ ಉದ್ದ ಬೆಳೆಯುತ್ತದೆ. ಪಟ್ಟಿಗಳು ಇಂಗ್ಲಿಷಿನ ಎಸ್ ಅಕ್ಷರದಂತೆ ತಿರುಚಿಕೊಳ್ಳುತ್ತವೆ. ದೊಡ್ಡ ಟೈರಿನಿಂದಲೂ ಇದೇ ಫಲ. ದಿಮ್ಮಿಯ ಮೇಲೆ ದಿಮ್ಮಿಯನ್ನಿಡುವುದಂತೂ ಅಪಾಯಕರ. ಎರಡನೆಯದು, ಕಮಾನಿನ ತುದಿಯ ಶ್ಯಾಕಲನ್ನು ಉದ್ದ ಮಾಡುವುದು. 2 ಅಂಗುಲ ಉದ್ದ ಮಾಡಿದರೆ ಸುಮಾರು 1 ಅಂಗುಲ ಮಾತ್ರ ಎತ್ತರ ಸಿಗುತ್ತದೆ. ಜೊತೆಗೆ ಅಚ್ಚಿನ ಕೋನವೂ ಬದಲಾಗಿ ಯೂನಿವರ್ಸಲ್ ಜಾಯಿಂಟು ಬೇಗ ಸವೆಯಬಹುದು. ಮೂರನೆಯದು, ಹೆಚ್ಚು ಬಾಗಿನ ಹೊಸ ಕಮಾನಿನ ಕಟ್ಟನ್ನೇ ಹಾಕುವುದು. ವೆಚ್ಚ ಅಧಿಕವಾದರೂ, ಎತ್ತರವು ಭಾರ ಹೊರುವ ಅಂಗದಿಂದಲೇ ಬರುವುದರಿಂದ ಎಳೆಯುವ ಟ್ರಕ್ಕಿಗೆ ಇದೇ ಹೆಚ್ಚು ಯುಕ್ತ.

ಎಳೆಯುವ ಪ್ರಶ್ನೆಯನ್ನು ಅರಿಯಲು ನಮ್ಮ ಎತ್ತಿನ ಗಾಡಿಯ ನೆನಪು ಸಾಕು. ಗಾಡಿ ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ನೊಗದ ಕಣ್ಣಿ ಎತ್ತಿನ ಕೊರಳನ್ನು ಬಿಗಿಯುತ್ತದೆ. ಮುಂಭಾರವಾದರೆ ಎತ್ತಿನ ಹೆಗಲು ನೋಯುತ್ತದೆ. ಟ್ರೇಲರಿನಲ್ಲಿಯೂ ಒಟ್ಟು ಭಾರದ ನೂರಕ್ಕೆ 10ರಿಂದ 15ರಷ್ಟು ಮೂಕಿಯ ಮೇಲೆ ಬೀಳಬೇಕೆಂಬುದು ರೂಢಿಯ ನಿಯಮ. ಕಡಿಮೆಯಾದರೆ ಟ್ರೇಲರು ವೇಗದಲ್ಲಿ ಅತ್ತಿತ್ತ ಓಲಾಡುತ್ತದೆ. 7,000 ಪೌಂಡಿನ ಟ್ರೇಲರಿನ ಮೂಕಿಭಾರ 700 ಪೌಂಡು ಎಂದಿಟ್ಟುಕೊಳ್ಳೋಣ. ಟ್ರಕ್ಕಿನ ಎರಡು ಅಚ್ಚುಗಳ ಅಂತರ 140 ಅಂಗುಲ, ಕೊಂಡಿಯು ಹಿಂದಿನ ಅಚ್ಚಿನಿಂದ 56 ಅಂಗುಲ ಹಿಂದೆ ಇದ್ದರೆ, ಹಿಂದಿನ ಅಚ್ಚಿನ ಮೇಲೆ ಹೆಚ್ಚುವ ಭಾರ 700 ಅಲ್ಲ, 980 ಪೌಂಡು. ಮುಂದಿನ ಅಚ್ಚಿನಿಂದ 280 ಪೌಂಡು ಕಳೆದುಹೋಗುತ್ತದೆ. ಚುಕ್ಕಾಣಿಯ ಹಿಡಿತ ಸಡಿಲವಾಗುವುದು ಇದರಿಂದಲೇ.

ಟ್ರಕ್ಕು 4 ಅಂಗುಲ ಮೇಲೇರಿದರೆ ಕೊಂಡಿಯೂ ಅಷ್ಟೇ ಏರುತ್ತದೆ. ಟ್ರೇಲರಿನ ಮೂತಿ ಮೇಲಾಗಿ ಅದರ ಹಿಂದಿನ ಚಕ್ರಗಳು ಅಧಿಕ ಭಾರವನ್ನು ಹೊರುತ್ತವೆ. ಆದಕಾರಣ ಕೊಂಡಿಯನ್ನು ಅಷ್ಟೇ ಇಳಿಸಿ ಟ್ರೇಲರನ್ನು ಸಮತಲಕ್ಕೆ ತರಬೇಕು. ಇಳಿಸಿದ ಕೊಂಡಿಯು ತನ್ನ ಬುಡವನ್ನು ಹೆಚ್ಚು ತಿರುಚುವುದರಿಂದ ಅದರ ಬಲವನ್ನೂ ನೋಡಿಕೊಳ್ಳಬೇಕು. ಹಿಂಬದಿ ಕುಸಿದರೆ ಗಾಳಿ ಸ್ಪ್ರಿಂಗುಗಳಿಂದ ಮಟ್ಟವನ್ನು ಸರಿಪಡಿಸಬಹುದು. ಭಾರವನ್ನು ಮುಂದಿನ ಅಚ್ಚಿಗೆ ಹಂಚುವ ಕೊಂಡಿಯನ್ನು ಬಳಸಬಹುದು. ತಿರುಚನ್ನು ತಡೆಯಲು ಅಚ್ಚಿನಿಂದ ಚಾಸಿಗೆ ಸರಳನ್ನು ಜೋಡಿಸಬಹುದು. ಆದರೆ ಇವಾವುವೂ ಅಚ್ಚಿಗೂ ಬ್ರೇಕಿಗೂ ನಿರ್ಮಾಪಕರು ವಿಧಿಸಿದ ಭಾರದ ಮಿತಿಯನ್ನು ಹೆಚ್ಚಿಸಲಾರವು. ಮಟ್ಟವಾಗಿ ನಿಂತ ಟ್ರಕ್ಕು ಬಲಿಷ್ಠವಾದ ಟ್ರಕ್ಕೆಂದು ಭಾವಿಸುವುದೇ ಇಲ್ಲಿ ಸಂಭವಿಸುವ ದೊಡ್ಡ ಪ್ರಮಾದ.

ಮೇಲಿನ ವಿವೇಚನೆಯಿಂದ ಫಲಿತವಾಗುವುದಿಷ್ಟು. ಎಲಿಯಟನ ಕಾಲದಿಂದ ಕಮಾನು ಒಂದೊಂದಾಗಿ ಹೊತ್ತುಕೊಂಡ ಕರ್ತವ್ಯಗಳಲ್ಲಿ ಎತ್ತರವೆಂಬುದು ಒಂದಲ್ಲ. ಎತ್ತರವನ್ನು ಬಯಸುವವನು ಆ ಮೂರು ಕರ್ತವ್ಯಗಳಲ್ಲಿ ಯಾವುದಕ್ಕೆ ಭಂಗ ಬರುವುದೆಂದು ಮೊದಲು ಕೇಳಿಕೊಂಡು, ಭಂಗವಾದುದನ್ನು ಬೇರೊಂದು ಅಂಗಕ್ಕೆ ವಹಿಸಿಕೊಡಬೇಕು. 1960ರಲ್ಲಿ ನಿರ್ಮಾಪಕರು ಸುರುಳಿಯ ಜೊತೆಗೆ ತೋಳುಗಳನ್ನು ಇಟ್ಟದ್ದೂ ಇದೇ ವಿವೇಕದಿಂದ. ಹಾಗೆ ಮಾಡದವನ ತಪ್ಪಿಗೆ ದಂಡ ತೆರುವವನು ಅವನೊಬ್ಬನೇ ಅಲ್ಲ; ಇಳಿಜಾರಿನಲ್ಲಿ ಅವನ ಎದುರಿಗೂ ಹಿಂದೆಯೂ ಬರುವ ಪಯಣಿಗರೂ ತೆರಬೇಕಾಗುತ್ತದೆ. ಉಪಕರಣಗಳ ಚರಿತ್ರೆಯನ್ನು ನಾವು ಕೇವಲ ಕುತೂಹಲಕ್ಕಾಗಿ ಓದುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.