ತಪ್ಪು ಹುಡುಕಿದವರಿಗೇ ಸಂಪಾದಕರ ಕುರ್ಚಿ

ತಮ್ಮ ಪುಸ್ತಕದ ತಪ್ಪುಗಳನ್ನು ಎತ್ತಿ ಆಡಿದವರನ್ನೇ ಪ್ರಕಾಶಕರು ಕರೆದು ಸಂಪಾದಕರನ್ನಾಗಿ ಮಾಡುವುದು ಅಪರೂಪ. ಮಹಾವೀರ ಪ್ರಸಾದ ದ್ವಿವೇದಿ (1864-1938) ಅವರ ವಿಷಯದಲ್ಲಿ ಆದದ್ದು ಅದೇ. ರೈಲ್ವೆ ನೌಕರರಾಗಿದ್ದ ಅವರು, ಅಲಹಾಬಾದಿನ ಇಂಡಿಯನ್ ಪ್ರೆಸ್ ಹೊರತಂದ ಹಿಂದಿ ಪಠ್ಯಪುಸ್ತಕವೊಂದನ್ನು ಕಟುವಾಗಿ ವಿಮರ್ಶಿಸಿದ್ದರು. ಅದರ ಒಡೆಯ ಚಿಂತಾಮಣಿ ಘೋಷ್ ಮುನಿಯಲಿಲ್ಲ. 1903ರಲ್ಲಿ ತಮ್ಮ 'ಸರಸ್ವತಿ' ಮಾಸಪತ್ರಿಕೆಯನ್ನೇ ಅವರ ಕೈಗೊಪ್ಪಿಸಿದರು.

ಹಿಂದಿಗೆ ಪುಸ್ತಕ ವಿಮರ್ಶೆ ಹೊಸದೇನಾಗಿರಲಿಲ್ಲ. 1886ರಲ್ಲೇ ಬಾಲಕೃಷ್ಣ ಭಟ್ಟರು 'ಹಿಂದಿ ಪ್ರದೀಪ'ದಲ್ಲಿ ಲಾಲಾ ಶ್ರೀನಿವಾಸದಾಸರ 'ಸಂಯೋಗಿತಾ ಸ್ವಯಂವರ' ನಾಟಕವನ್ನು ನಿಷ್ಠುರವಾಗಿ ಪರೀಕ್ಷಿಸಿದ್ದರು. ದ್ವಿವೇದಿಯವರು ಅದನ್ನು ಶಿಸ್ತಾಗಿ ಬೆಳೆಸಿದರು. ಲಾಲಾ ಸೀತಾರಾಮರ ಕಾಳಿದಾಸ ಅನುವಾದಗಳಲ್ಲಿನ ಭಾಷಾದೋಷ, ಅರ್ಥದೋಷಗಳನ್ನು ಅವರು ಒಂದೊಂದಾಗಿ ಎತ್ತಿ ತೋರಿಸಿದರು. ಖಡೀಬೋಲಿ ಗದ್ಯ ಇನ್ನೂ ನೆಲೆ ಕಾಣುತ್ತಿದ್ದ ಕಾಲದಲ್ಲಿ ವ್ಯಾಕರಣವೇ ಅವರ ಮೊದಲ ಒರೆಗಲ್ಲು.

ಆ ಒರೆಗಲ್ಲು ಅವರನ್ನೂ ಬಿಡಲಿಲ್ಲ. 1905ರಲ್ಲಿ ಭಾಷೆ-ವ್ಯಾಕರಣ ಕುರಿತ ಅವರ ಲೇಖನದಲ್ಲಿದ್ದ 'ಅನಸ್ಥಿರತಾ' ಎಂಬ ಪದವನ್ನು 'ಭಾರತಮಿತ್ರ'ದ ಸಂಪಾದಕ ಬಾಲಮುಕುಂದ ಗುಪ್ತರು 'ಆತ್ಮಾರಾಮ' ಎಂಬ ಹೆಸರಿನಲ್ಲಿ ಲೇವಡಿ ಮಾಡಿದರು. ದ್ವಿವೇದಿಯವರು ಪಟ್ಟು ಸಡಿಲಿಸದೆ ಸಮರ್ಥಿಸಿಕೊಂಡರು. ಪತ್ರಿಕೆಗಳಲ್ಲಿ ದೊಡ್ಡ ವಾಗ್ವಾದವೇ ನಡೆಯಿತು.

ಈ ವಿಮರ್ಶೆ ಕೃತಿಯ ಆಳಕ್ಕಿಂತ ಭಾಷೆಯ ಮೇಲ್ಮೈಯಲ್ಲೇ ಹೆಚ್ಚು ನಿಂತಿತೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ಬರೆದದ್ದನ್ನು ಅಚ್ಚಿಗೆ ಕೊಡುವ ಮುನ್ನ ಇನ್ನೊಮ್ಮೆ ಓದುವ ಎಚ್ಚರವನ್ನು ಹಿಂದಿ ಲೇಖಕರಿಗೆ ಕಲಿಸಿದ್ದು ಅದೇ.